ನಾಗನ ಎದುರಿಗೆ ಕಪ್ಪೆ

ಕಡಬದ ಕಾಡುದಾರಿಯಲ್ಲಿ ನಡೆಯುವಾಗ ಮರದಿಂದ ಮರಕ್ಕೆ ತೇಲಿಹೋದ ಹಸಿರು ಕಪ್ಪೆಯೊಂದನ್ನು ಕಂಡಿದ್ದೆ. ಅದರ ಬೆರಳುಗಳ ನಡುವಿನ ತೊಗಲು ಕುಂಕುಮದಷ್ಟು ಕೆಂಪು. ಆಮೇಲೆ ಐವರ್ನಾಡಿನ ಭಜನಾ ಮಂದಿರದ ಗೋಡೆಯಲ್ಲಿ ನಾಗದೇವರನ್ನು ಬರೆಯುವ ಕೆಲಸ ಸಿಕ್ಕಿತು. ಇದೂ ದೇವರ ಸೃಷ್ಟಿಯೇ ಎಂದು ಆ ಕಪ್ಪೆಯನ್ನು ಹೆಡೆಯ ಎದುರಿನ ಎಲೆಯ ಮೇಲೆ ಕೂರಿಸಿದೆ.

ಮಂದಿರದ ಯಜಮಾನರು ಬಂದು ನೋಡಿದರು.

"ಎಂತ ಮಾರಾಯ್ರೆ, ದೇವರ ಎದುರು ಊಟ ಬಡಿಸಿದ್ದಾ? ಅಳಿಸಿ ಅದನ್ನು."

ಅಂಥ ಕೆಂಪು ಇನ್ನೊಮ್ಮೆ ನನ್ನ ಕೈಗೆ ಕೂಡಿಬರುವುದು ಸಂಶಯವಾಗಿತ್ತು. ಒರೆಸುವ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತೆ.

ನಾಗನಿಗೆ ಹಾಲು ತಂದಿದ್ದ ಅಜ್ಜಿಯೊಬ್ಬರು ಹೇಳಿದರು: "ಇರಲಿ ಬಿಡಿ. ಇವತ್ತು ಷಷ್ಠಿ ಅಲ್ವಾ? ನಾವೆಲ್ಲ ಉಪವಾಸ ಇರುವಾಗ ದೇವರು ಮಾತ್ರ ಉಣ್ಣುದಾ?"

ಯಜಮಾನರು ನಕ್ಕು ಒಳಗೆ ಹೋದರು. ಕಪ್ಪೆ ಉಳಿಯಿತು.

ಆದರೆ ಉಪವಾಸ ಮರುದಿನ ಮುಗಿಯುತ್ತದಲ್ಲ! ಕಪ್ಪೆಯ ಮುಖವನ್ನು ಬಾಗಿಲಿನ ಕಡೆಗೆ ತಿರುಗಿಸಿ ಬರೆದೇ ಮನೆಗೆ ಹೋದೆ.