ಜಲಜಕ್ಕನ ಫೈಲು ಎಲ್ಲಿಗೆ ಹೋಗುತ್ತಿತ್ತು?

ಬೆಳಗ್ಗೆ ಹತ್ತರ ಹೊತ್ತಿಗೆ ಕೊಪ್ಪದ ಬಸ್‌ಸ್ಟ್ಯಾಂಡಿಗೆ ಶೃಂಗೇರಿ ಬಸ್ಸು ಬಂತು. ಮೊದಲು ಬೆಡ್‌ಶೀಟ್ ಸುತ್ತಿದ ಒಂದು ಗಂಟು ಇಳಿಯಿತು, ಹಿಂದೆಯೇ ಜಲಜಕ್ಕ ಇಳಿದರು. ಎಳೆಗೂಸನ್ನು ಎತ್ತಿಕೊಂಡ ಹಾಗೆ ಆ ಗಂಟನ್ನು ಎದೆಗೆ ಅವಚಿಕೊಂಡು ರಸ್ತೆ ದಾಟಿದರು. ನನ್ನ ಅಂಗಡಿಯ ಟೇಬಲ್ ಮೇಲೆ ಮೆಲ್ಲಗೆ ಇಟ್ಟು ಬೆಡ್‌ಶೀಟ್ ಬಿಚ್ಚಿದರು. ಒಳಗೆ ಕಂಪ್ಯೂಟರಿನ ಸಿಪಿಯು.

"ಇದು ತಿಂತದೆ ಮಾರಾಯ್ರೆ," ಎಂದರು. "ಬರ್ದದ್ದನ್ನೆಲ್ಲ ತಿಂತದೆ. ನೀವೇ ನೋಡಿ."

ನನ್ನ ಕಸುಬು ನಿಮಗೆ ಗೊತ್ತೇ ಇದೆ. ವಾರಕ್ಕೊಮ್ಮೆ ಈ ಅಂಕಣ ಬರೆಯುತ್ತೇನೆ, ಉಳಿದ ದಿನ ಮೂರು ತಾಲ್ಲೂಕಿನ ಕಂಪ್ಯೂಟರುಗಳ ಹೊಟ್ಟೆ ಬಿಚ್ಚುತ್ತೇನೆ. ಇಪ್ಪತ್ತು ವರ್ಷದಲ್ಲಿ ನೋಡದ್ದೇನಿಲ್ಲ. ನರಸಿಂಹರಾಜಪುರದ ಯಜಮಾನರೊಬ್ಬರು ಸಿಪಿಯುಗೆ ಕಸೂತಿ ಹಾಕಿದ ಕವರ್ ಹೊಲಿಸಿ, ಗಾಳಿ ಆಡುವ ಜಾಗವನ್ನೆಲ್ಲ ಮುಚ್ಚಿ, "ಯಾಕೋ ಬಿಸಿ ಆಗ್ತದೆ" ಎಂದು ಫೋನ್ ಮಾಡಿದ್ದರು. ಶೃಂಗೇರಿಯ ಲಾಡ್ಜಿನ ಮ್ಯಾನೇಜರೊಬ್ಬರು ಯಾರೂ ನೋಡಬಾರದೆಂದು ಪಾಸ್‌ವರ್ಡನ್ನು ಕೀಬೋರ್ಡಿನ ಅಡಿಗೆ ಅಂಟಿಸಿ, ಕೀಬೋರ್ಡ್ ಕೆಟ್ಟಾಗ ಪಾಸ್‌ವರ್ಡ್ ಸಮೇತ ಎಸೆದಿದ್ದರು. (ಮೂರು ದಿನ ಗುಜರಿಯಲ್ಲಿ ಹುಡುಕಿದರಂತೆ.) ಇಂಥವನ್ನು ನಾವು ರಿಪೇರಿಯವರು ಚಹಾ ಕುಡಿಯುವಾಗ ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತೇವೆ. ಜಲಜಕ್ಕನ 'ತಿನ್ನುವ ಕಂಪ್ಯೂಟರ್' ಕೂಡ ಆ ಪಟ್ಟಿಗೆ ಸೇರಿತು ಎಂದುಕೊಂಡೆ.

ಜಲಜಕ್ಕ ಕೆರೆಕಟ್ಟೆ ಕಡೆಯ ಒಂದು ಸಣ್ಣ ಊರಿನವರು. ಹತ್ತನೇ ಕ್ಲಾಸ್ ಪಾಸಾಗಿ ಬಹಳ ವರ್ಷ ತೋಟದ ಕೆಲಸಕ್ಕೆ ಹೋದವರು. ಆಮೇಲೆ ಊರಿನ ಪುಟ್ಟ ಲೈಬ್ರರಿಯನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಒಂದೇ ಕೋಣೆ, ನಾಲ್ಕು ಕಪಾಟು, ಎರಡು ಬೆಂಚು. ಹೋದ ವರ್ಷ ಅಲ್ಲಿಗೊಂದು ಕಂಪ್ಯೂಟರ್ ಬಂತು. ಇನ್‌ಸ್ಟಾಲ್ ಮಾಡಿ, ಅರ್ಧ ದಿನ ಪಾಠ ಹೇಳಿ ಬಂದವನು ನಾನೇ.

ಆ ಕಂಪ್ಯೂಟರ್ ಬಂದ ಮೇಲೆ ಊರಿನವರು ಒಂದು ಅರ್ಜಿ ಹಾಕಲು, ಒಂದು ರಿಸಲ್ಟ್ ನೋಡಲು ಬಸ್ಸು ಕಾದು ಶೃಂಗೇರಿಗೆ ಹೋಗುವುದು ತಪ್ಪಿತ್ತು. ಆದರೆ ಮಾರ್ಚಿನಲ್ಲಿ ತಪಾಸಣೆಗೆ ಬಂದ ಸಾಹೇಬರು ಒಂದು ಮಾತು ಹೇಳಿ ಹೋಗಿದ್ದರು. ಜೂನ್ ಒಳಗೆ ಲೈಬ್ರರಿಯ ಎಲ್ಲ ಪುಸ್ತಕಗಳ ಪಟ್ಟಿ ಕಂಪ್ಯೂಟರಿಗೆ ಏರಬೇಕು. ಇಲ್ಲದಿದ್ದರೆ ಕಂಪ್ಯೂಟರನ್ನು ಬಳಸಲು ಗೊತ್ತಿರುವ ಬೇರೆ ಊರಿನವರಿಗೆ ಕೊಡುತ್ತೇವೆ. ಜೊತೆಗೆ ಊರಿನ ಮುಖಂಡರೊಬ್ಬರು ಎಲ್ಲರ ಎದುರೇ, "ತೋಟದ ಕೆಲಸದವರ ಕೈಗೆ ಕೊಟ್ರೆ ಹೀಗೇ" ಎಂದಿದ್ದರಂತೆ. ಇದನ್ನು ಹೇಳುವಾಗ ಜಲಜಕ್ಕ ನನ್ನ ಮುಖ ನೋಡಲಿಲ್ಲ, ಬೆಡ್‌ಶೀಟ್ ಮಡಚುತ್ತಿದ್ದರು.

ಸಿಪಿಯುವನ್ನು ನನ್ನ ಮಾನಿಟರಿಗೆ ಜೋಡಿಸಿದೆ. ಎಲ್ಲ ಸರಿ ಇದೆ. ಪಟ್ಟಿಯ ಫೈಲ್ ತೆರೆದೆ. ಹತ್ತು ಸಾಲು ಹೊಡೆದು, ಸೇವ್ ಮಾಡಿ, ಆಫ್ ಮಾಡಿ, ಆನ್ ಮಾಡಿದೆ. ಹತ್ತೂ ಸಾಲು ಭದ್ರ.

"ಕೆಲವು ದಿನ ಇರ್ತದೆ, ಕೆಲವು ದಿನ ಇರೋದಿಲ್ಲ," ಎಂದರು ಜಲಜಕ್ಕ.

"ಸೇವ್ ಮಾಡ್ತೀರಾ?"

"ದಿನಾ ಮಾಡ್ತೀನಿ."

"ವೈರಸ್ ಇರಬೇಕು," ಎಂದೆ. (ಗೊತ್ತಾಗದಿದ್ದಾಗ ಡಾಕ್ಟರೂ ನಾವೂ ಹೇಳುವುದು ಒಂದೇ ಮಾತು.) ಏನೋ ಸ್ಕ್ಯಾನ್ ಮಾಡಿ ಕಳಿಸಿದೆ. ಜಲಜಕ್ಕ ಮತ್ತೆ ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಹೋದರು.

ನಾಲ್ಕು ದಿನಕ್ಕೆ ಫೋನ್ ಬಂತು. ನಿನ್ನೆ ಇಡೀ ದಿನ ಬರೆದದ್ದು ಇಲ್ಲ. ವಾರ ಬಿಟ್ಟು ಮತ್ತೆ ಫೋನ್. ಮತ್ತೆ ಎರಡು ದಿನಕ್ಕೆ. ಏಪ್ರಿಲ್ ಮುಗಿಯುವಷ್ಟರಲ್ಲಿ ನನ್ನ ತಾಳ್ಮೆ ಮುಗಿದಿತ್ತು. "ನಾನು ಹೇಳಿದ ಹಾಗೆ ಮಾಡಿದ್ರೆ ಹೋಗೋದಿಲ್ಲ ಜಲಜಕ್ಕ, ನೀವು ಏನೋ ಒತ್ತಬಾರದ್ದು ಒತ್ತುತ್ತಾ ಇದ್ದೀರಿ," ಎಂದು ರೇಗಿಬಿಟ್ಟೆ. ಅವರು, "ಒಂದು ಸಲ ಬಂದು ನೋಡಿ ಹೋಗ್ತೀರಾ? ನಾನು ಎಂತ ತಪ್ಪು ಮಾಡ್ತಾ ಇದ್ದೇನೆ ಗೊತ್ತಾಗ್ತಾ ಇಲ್ಲ," ಎಂದರು.

ನಾಚಿಕೆಯಾಯಿತು. ಮರುದಿನ ಬೈಕ್ ಹತ್ತಿದೆ.

ಲೈಬ್ರರಿ ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. "ನಾನು ಇಲ್ಲ ಅಂದುಕೊಂಡು ಕೆಲಸ ಮಾಡಿ," ಎಂದು ಬೆಂಚಿನ ಮೇಲೆ ಕೂತೆ. ಜಲಜಕ್ಕ ಎರಡು ತೋರುಬೆರಳಿನಲ್ಲಿ ಟೈಪ್ ಮಾಡುತ್ತಾರೆ. ಪುಸ್ತಕ ತೆಗೆದು, ಹೆಸರು ಓದಿ, ಹೊಡೆದು, ಮತ್ತೆ ಓದಿ ನೋಡಿ, ಪಕ್ಕಕ್ಕಿಡುತ್ತಾರೆ. ಒಂದೂ ತಪ್ಪಿಲ್ಲ. ನಿಧಾನ, ಆದರೆ ನಿಲ್ಲುವುದಿಲ್ಲ. ಒಂದು ಗಂಟೆ ನೋಡಿದೆ. ಒತ್ತಬಾರದ್ದು ಏನನ್ನೂ ಒತ್ತಲಿಲ್ಲ.

ಮೂರೂಕಾಲಿಗೆ ಬೆರಳು ನಿಂತಿತು. ತಲೆ ಎತ್ತಿ ಏನೋ ಕೇಳಿಸಿಕೊಂಡರು. ನನಗೆ ಏನೂ ಕೇಳಿಸಲಿಲ್ಲ. ಎದ್ದವರೇ ಗೋಡೆಯಿಂದ ಪ್ಲಗ್ ಕಿತ್ತರು. ಸ್ಕ್ರೀನ್ ಕಪ್ಪಾಯಿತು.

"ಏನ್ ಮಾಡಿದ್ರಿ ಜಲಜಕ್ಕ?"

"ಗುಡುಗು."

ಅಲ್ಲಿಗೆ ನನ್ನ ವೈರಸ್ ಸಿಕ್ಕಿತು. ಮಲೆನಾಡಿನಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಗುಡ್ಡದಾಚೆ ಗುಡುಗಿದರೂ ಸಾಕು, ಟಿವಿ, ಫ್ರಿಜ್ಜು, ಚಾರ್ಜರು, ಎಲ್ಲದರ ಪ್ಲಗ್ಗು ಹೊರಗೆ. ಅದೂ ಏಪ್ರಿಲ್, ಮೇ ತಿಂಗಳಲ್ಲಿ ದಿನ ಬಿಟ್ಟು ದಿನ ಮಧ್ಯಾಹ್ನದ ಮೇಲೆ ಗುಡುಗು. ಯುಪಿಎಸ್ಸಿನ ಬ್ಯಾಟರಿ ಸತ್ತಿತ್ತು. ಪ್ಲಗ್ ಕಿತ್ತ ತಕ್ಷಣ ಮೆಷಿನ್ ಬಂದ್.

"ಮತ್ತೆ ಸೇವ್ ಮಾಡ್ತೀನಿ ಅಂದ್ರಿ?"

"ಅದು ಸಂಜೆ ಹೊರಡೋವಾಗ ಅಲ್ದಾ? ಕೆಲಸ ಮುಗಿದ ಮೇಲೆ ಸೇವ್ ಮಾಡಿ ಅಂತ ನೀವೇ ಹೇಳಿದ್ದು."

ಹೌದು. ನಾನೇ ಹೇಳಿದ್ದು. "ಬೆಳಗ್ಗೆ ಆನ್ ಮಾಡಿದಾಗ ಹಳೇ ಫೈಲ್ ಬೇಕಾ ಅಂತ ಏನಾದ್ರೂ ಕೇಳ್ತದಾ?" ಎಂದೆ.

"ಕೇಳ್ತದೆ. ಬೇಡ ಅಂತ ಒತ್ತುತ್ತೇನೆ. ಗೊತ್ತಿಲ್ಲದ್ದಕ್ಕೆಲ್ಲ ಹೂಂ ಅನ್ಬೇಡಿ ಅಂತ್ಲೂ ನೀವೇ ಹೇಳಿದ್ದಲ್ದಾ?"

ಹೌದು, ಅದನ್ನೂ ನಾನೇ ಹೇಳಿದ್ದು. ನನ್ನ ಪಾಠವನ್ನು ಇಷ್ಟು ಅಕ್ಷರಶಃ ಪಾಲಿಸಿದ ಇನ್ನೊಬ್ಬರನ್ನು ನಾನು ನೋಡಿಲ್ಲ. ಆದರೂ ಗುರುವಿನ ಗತ್ತು ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಗುಡುಗಿದರೆ ಮೊದಲು ಶಟ್‌ಡೌನ್ ಮಾಡಬೇಕು, ಆಮೇಲೆ ಪ್ಲಗ್ ತೆಗೆಯಬೇಕು ಎಂದು ವಿವರಿಸತೊಡಗಿದೆ.

"ಅದಕ್ಕೆ ಎಷ್ಟು ಹೊತ್ತು ಬೇಕು?"

"ಎರಡು ನಿಮಿಷ."

"ಸಿಡಿಲು ಎರಡು ನಿಮಿಷ ಕಾಯ್ತದಾ ಮಾರಾಯ್ರೆ?"

ಅಷ್ಟರಲ್ಲೇ ರಸ್ತೆಯಾಚೆ ಎಲ್ಲೋ ಸಿಡಿಲು ಹೊಡೆಯಿತು. ಕಿಟಕಿ ಅದುರಿತು. ಗೋಡೆಯ ಸ್ವಿಚ್ ಬೋರ್ಡಿನಿಂದ ಚಟ್ ಎಂದು ಕಿಡಿ ಹಾರಿ, ಸುಟ್ಟ ವಾಸನೆ ಬಂತು. ಬೋರ್ಡ್ ಹೋಯಿತು. ಕಂಪ್ಯೂಟರಿನ ಪ್ಲಗ್ ಜಲಜಕ್ಕನ ಕೈಯಲ್ಲೇ ಇತ್ತು.

ಮಳೆ ನಿಂತು ನೆಟ್‌ವರ್ಕ್ ಬಂದಾಗ ಹೆಂಡತಿಯ ಫೋನ್. ಅದೇ ಮಳೆ ಕೊಪ್ಪಕ್ಕೂ ಬಂದಿತ್ತು. ಅಂಗಡಿಯ ಮೋಡೆಮ್ ಸುಟ್ಟಿದೆ, ನನ್ನ ಸ್ವಂತ ಕಂಪ್ಯೂಟರ್ ಆನ್ ಆಗುತ್ತಿಲ್ಲ. ಬೆಳಗ್ಗೆ ಅವಸರದಲ್ಲಿ ಎಲ್ಲವನ್ನೂ ಆನ್ ಇಟ್ಟೇ ಬಂದಿದ್ದೆ.

"ನೀವು ಪ್ಲಗ್ ತೆಗ್ದು ಬರ್ಲಿಲ್ವಾ?" ಎಂದು ಜಲಜಕ್ಕ ಕೇಳಿದರು. ಚುಚ್ಚಲು ಕೇಳಿದ್ದಲ್ಲ, ನಿಜವಾದ ಕಳಕಳಿ. ಅದಕ್ಕೇ ಇನ್ನೂ ಜಾಸ್ತಿ ಚುಚ್ಚಿತು.

ಇಬ್ಬರೂ ಕೂತು ಯೋಚಿಸಿದೆವು. ಪ್ಲಗ್ ಕೀಳುವುದನ್ನು ಬಿಡುವಂತಿಲ್ಲ. ಹಾಗಾದರೆ ಬದಲಾಗಬೇಕಾದ್ದು ಸೇವ್. ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತುವುದನ್ನು ತೋರಿಸಿದೆ. ಉಳಿದದ್ದು ಜಲಜಕ್ಕನದೇ ಉಪಾಯ. ಒಂದು ಪುಸ್ತಕ ಹೊಡೆದ ಕೂಡಲೇ ಸೇವ್, ಸೇವ್ ಆದ ಮೇಲೆ ಪುಸ್ತಕದ ಮೊದಲ ಪುಟದಲ್ಲಿ ಪೆನ್ಸಿಲ್ಲಿನ ಒಂದು ಗುರುತು. ಯಾವಾಗ ಗುಡುಗಿದರೂ ಹೋದರೆ ಒಂದೇ ಸಾಲು. ಯಾವ ಪುಸ್ತಕದಿಂದ ಮುಂದುವರಿಸಬೇಕು ಎಂದು ಗುರುತೇ ಹೇಳುತ್ತದೆ. ಸ್ವಿಚ್ ಬೋರ್ಡ್ ಹೊಸದಾಯಿತು, ಯುಪಿಎಸ್ಸಿಗೆ ಬ್ಯಾಟರಿಯನ್ನೂ ಹಾಕಿಸಿದೆ. ಆದರೂ ಅವರು ಪ್ಲಗ್ ಕೀಳುವುದನ್ನು ಬಿಡಲಿಲ್ಲ, ನಾನೂ ಬಿಡಿ ಎನ್ನಲಿಲ್ಲ.

ಜೂನ್ ಮೊದಲ ವಾರ ಸಾಹೇಬರು ಬಂದರು. ಜಲಜಕ್ಕ ಧೈರ್ಯಕ್ಕೆಂದು ನನ್ನನ್ನೂ ಕರೆದಿದ್ದರು. ಮುಖಂಡರೂ ಬಂದು ಬಾಗಿಲ ಹತ್ತಿರ ಕೂತಿದ್ದರು. ಸಾಹೇಬರು ಪಟ್ಟಿಯನ್ನು ಮೇಲಿನಿಂದ ಕೆಳಗೆ ಓಡಿಸಿ, ನನ್ನ ಕಡೆ ತಿರುಗಿ, "ನೀಟಾಗಿ ಮಾಡಿಕೊಟ್ಟಿದ್ದೀರಿ," ಎಂದರು.

"ನಾನು ಒಂದಕ್ಷರ ಹೊಡೆದಿಲ್ಲ ಸರ್. ಎಲ್ಲ ಅವರದೇ."

ಸಾಹೇಬರಿಗೆ ನಂಬಿಕೆ ಬರಲಿಲ್ಲ. ಪಟ್ಟಿಯಲ್ಲಿದ್ದ ಒಂದು ಹೆಸರು ನೋಡಿಟ್ಟುಕೊಂಡು, "ಈ ಪುಸ್ತಕ ತೆಗೀರಿ ನೋಡೋಣ," ಎಂದರು. ಜಲಜಕ್ಕ ಕೂತರು. ಎರಡು ಬೆರಳು. ಹುಡುಕಿ, ಓದಿ ಹೇಳಿದರು: "ಮೂರನೇ ಕಪಾಟು ಸರ್, ಎರಡನೇ ಸಾಲು. ಆದ್ರೆ ಈಗ ಇಲ್ಲಿಲ್ಲ. ಶಾಂತಮ್ಮನ ಮಗಳು ತಗೊಂಡು ಹೋಗಿದ್ದಾಳೆ, ಶನಿವಾರ ಕೊಡ್ತಾಳೆ." ಕಪಾಟು, ಸಾಲು, ಯಾರ ಹತ್ತಿರ ಇದೆ ಎಂಬ ಕಾಲಂಗಳನ್ನು ಯಾರೂ ಕೇಳಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಬೇಕಾಗುತ್ತದೆ ಎಂದು ಅವರೇ ಸೇರಿಸಿದ್ದರು.

ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಎದ್ದು ಮುಖಂಡರಿಗೆ ಕಾಣುವಂತೆ ಮಾನಿಟರನ್ನು ಸ್ವಲ್ಪ ತಿರುಗಿಸಿಟ್ಟೆ. (ಸಣ್ಣತನ ಇರಬಹುದು. ಇರಲಿ ಬಿಡಿ.) ಕಂಪ್ಯೂಟರ್ ಎಲ್ಲಿಗೂ ಹೋಗಲಿಲ್ಲ. ಹೊರಡುವಾಗ ಸಾಹೇಬರು, ಉಳಿದ ಲೈಬ್ರರಿಗಳವರಿಗೂ ಶೃಂಗೇರಿಯಲ್ಲಿ ಒಂದು ದಿನ ಹೇಳಿಕೊಡಬೇಕಲ್ಲ ಎಂದು ನನ್ನನ್ನು ಕೇಳಿದರು. ನಾನು ಜಲಜಕ್ಕನ ಕಡೆ ಕೈ ತೋರಿಸಿದೆ. ಅವರು ಬೇಡ, ಆಗದು ಎಂದು ಎರಡು ದಿನ ಹೇಳಿದರು. ಮೂರನೇ ದಿನ, "ಎಷ್ಟು ಗಂಟೆಗೆ ಬರ್ಬೇಕು?" ಎಂದು ಫೋನ್ ಮಾಡಿದರು.

ಕಳೆದ ಬುಧವಾರ ಅದೂ ಆಯಿತು. ನಾನು ಹಿಂದಿನ ಬೆಂಚಿನಲ್ಲಿದ್ದೆ. ಒಬ್ಬಾಕೆ ಎದ್ದು, ತನ್ನ ಕಂಪ್ಯೂಟರಿನಲ್ಲಿ ಅಕ್ಷರಗಳೆಲ್ಲ ಇದ್ದಕ್ಕಿದ್ದಂತೆ ದೊಡ್ಡದಾಗುತ್ತವೆ, ತಾನು ದಡ್ಡಿ, ತಲೆಗೆ ಹತ್ತುವುದಿಲ್ಲ ಎಂದಳು. ಅಭ್ಯಾಸಬಲ, ನನ್ನ ಬಾಯಿಗೆ ಉತ್ತರ ಬಂದೇಬಿಟ್ಟಿತ್ತು. ಜಲಜಕ್ಕ ಉತ್ತರ ಹೇಳಲಿಲ್ಲ. ಅವಳ ಪಕ್ಕ ಹೋಗಿ ಕುರ್ಚಿ ಎಳೆದು ಕೂತು, "ದಡ್ಡಿ ಅಂತೆಲ್ಲ ಹೇಳ್ಬಾರ್ದು. ನೀನು ದಿನಾ ಹ್ಯಾಂಗೆ ಮಾಡ್ತೀಯೋ ಹಾಂಗೇ ಮಾಡು, ನಾನು ನೋಡ್ತೇನೆ," ಎಂದರು.

ಇಪ್ಪತ್ತು ವರ್ಷದಲ್ಲಿ ನಾನು ಎಷ್ಟು ಜನರ ಪಕ್ಕ ಹೀಗೆ ಕುರ್ಚಿ ಎಳೆದು ಕೂತಿದ್ದೇನೆ?