ತುಟಿಯಲ್ಲೇ ಬರೆದ ನಾಟಕ

ಭೀಮರಾಯನಗುಡಿಯ ಸುತ್ತ ಆಗಿನ್ನೂ ಕಾಲುವೆ ಅಗೆಯುತ್ತಿದ್ದರು. ನನ್ನ ಗಂಡ ಆ ಕೆಲಸದ ಮೇಲ್ವಿಚಾರಕ. ಬೆಳಿಗ್ಗೆ ಜೀಪು ಹತ್ತಿದರೆ ಮೈತುಂಬ ಮಣ್ಣು ಮಾಡಿಕೊಂಡು ಕತ್ತಲಿಗೆ ಬರುತ್ತಿದ್ದರು. ನಾನು ಶಹಾಪುರದ ಶಾಲೆಯಲ್ಲಿ ಟೀಚರ್. ಕಾಲುವೆ ಕೆಲಸದವರ ಕ್ಯಾಂಪಿನ ಮನೆಯಲ್ಲಿ ನಮ್ಮೊಂದಿಗೆ ಅತ್ತೆ, ಮಾತು ಕಲಿಯುತ್ತಿದ್ದ ಮಗಳು. ನಳದ ನೀರು, ರೊಟ್ಟಿ, ಬಸ್ಸು, ಪಾಠ, ಮತ್ತೆ ಬಸ್ಸು, ಮತ್ತೆ ರೊಟ್ಟಿ. ಇಷ್ಟರ ನಡುವೆ ರೇಡಿಯೊಗೆ ಒಂದು ನಾಟಕ ಬರೆದುಕೊಡುತ್ತೇನೆಂದು ಒಪ್ಪಿಕೊಂಡುಬಿಟ್ಟಿದ್ದೆ.

ಕಥೆ ಅಕ್ಕತಂಗಿಯರದು. ಎದುರುಬದುರು ಮನೆ, ನಡುವೆ ಕಾಲುವೆ ಬರುತ್ತದೆ, ಜಗಳ ಹತ್ತುತ್ತದೆ. ಬರೆಯಲು ಕೂರುವ ಹೊತ್ತೇ ಸಿಗದೆ ಮಾತುಗಳನ್ನು ತುಟಿಯಲ್ಲೇ ಕಟ್ಟುತ್ತಿದ್ದೆ. ಬಸ್ಸಿನಲ್ಲಿ ಹೊಳೆದದ್ದು ಮನೆ ಮುಟ್ಟುವುದರೊಳಗೆ ಸೋರಿಹೋದೀತೆಂದು ಜೀವ ಕೈಯಲ್ಲಿ ಹಿಡಿದುಕೊಂಡು ಬರುತ್ತಿದ್ದೆ. ಒಂದು ಸಂಜೆ ಇಡೀ ಜಗಳ ಸಿದ್ಧವಾಗಿತ್ತು. ಬಾಗಿಲಲ್ಲೇ ಮಗಳು ವಾಂತಿ ಮಾಡಿಕೊಂಡು ಅಳುತ್ತಿದ್ದಳು. ಅವಳನ್ನು ತೊಳೆದು ಮಲಗಿಸುವಷ್ಟರಲ್ಲಿ ಅಕ್ಕ ತಂಗಿ ಇಬ್ಬರೂ ಮೂಕರಾಗಿದ್ದರು. ಕೊಡಬೇಕಾದ ದಿನ ಹತ್ತಿರವಾಗುತ್ತಿತ್ತು.

ಮರುದಿನ ರೊಟ್ಟಿ ಬಡಿಯುವಾಗ ಕಳೆದುಹೋದ ಮಾತೊಂದು ಮರಳಿ ಬಂತು. ಮರೆಯಬಾರದೆಂದು ಗಟ್ಟಿಯಾಗಿಯೇ ಅಂದೆ, ಮತ್ತೆ ಮತ್ತೆ ಅಂದೆ. ಹೊರಳಿ ನೋಡಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಏನೂ ಕೇಳದೆ ಒಳಗೆ ಹೋದರು. ಬಸ್ಸಿನ ಅವಸರದಲ್ಲಿ ನಾನೂ ಹೊರಟೆ.

ಸಂಜೆ ಬಂದಾಗ ಮನೆಗೆ ಬೀಗ. ಪಕ್ಕದ ಮನೆಯಾಕೆ ಮಗಳನ್ನೂ ಕೀಲಿಯನ್ನೂ ಕೊಟ್ಟು, "ನಿಮ್ಮ ಅತ್ತಿ ಚೀಲಾ ಹಿಡಕೊಂಡು ಈಗ ಹೋದ್ರು ನೋಡ್ರಿ. ಮಾರಿ ಸಣ್ಣದಾಗಿತ್ತು," ಅಂದಳು.

ಮಗಳನ್ನು ಸೊಂಟಕ್ಕೇರಿಸಿಕೊಂಡು ಓಡಿದೆ. ಬಸ್ಸು ಹೋಗಿಬಿಟ್ಟಿದ್ದರೆ? ಊರೆಲ್ಲ ಏನೆಂದೀತು? ಗಂಡನಿಗೆ ಏನು ಹೇಳಲಿ? ಅತ್ತೆ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಸೆರಗು ಹೊದ್ದು ಕುಳಿತಿದ್ದರು.

"ಎಲ್ಲಿಗ್ರಿ ಅತ್ತಿ?"

"ಸುರಪುರಕ್ಕ, ಮಗಳ ಮನಿಗಿ. ನನ್ನ ಹೊಸ್ತಿಲ ತುಳೀಬ್ಯಾಡ ಅಂತ ನೀನೇ ಅಂದೆಲ್ಲ, ಮುಂಜಾನಿ."

ನಾನು ಅವರ ಚೀಲ ಹಿಡಿದುಕೊಂಡೆ. "ನಿಮಗಲ್ರಿ. ಅದು ನಾಟಕದಾಗಿನ ಮಾತು. ಅಕ್ಕ ತಂಗಿಗಿ ಅಂತಾಳ."

ಅವರು ನಂಬಲಿಲ್ಲ. ಪಕ್ಕದಲ್ಲಿ ಕುಳಿತು ಕಥೆಯನ್ನು ಮೊದಲಿಂದ ಹೇಳಿದೆ. ನಡುವೆ ಸುರಪುರದ ಬಸ್ಸು ಬಂತು. ನಾನು ಕಥೆ ನಿಲ್ಲಿಸಲಿಲ್ಲ. ಅತ್ತೆ ಒಮ್ಮೆ ಬಸ್ಸಿನ ಕಡೆ, ಒಮ್ಮೆ ನನ್ನ ಕಡೆ ನೋಡಿದರು. ಬಸ್ಸು ಹೋಯಿತು.

"ಅದಕ್ಕ ತಂಗಿ ಏನಂದ್ಲು?"

"ಇನ್ನಾ ಬರದಿಲ್ರಿ. ಹೊತ್ತೇ ಸಿಗವಲ್ದು."

ಅತ್ತೆ ಎದ್ದರು. "ನಡಿ. ಸಂಜೀ ರೊಟ್ಟಿ ನಾ ಬಡೀತೀನಿ. ಹಂಗಂತ ದಿನಾ ಆಗಂಗಿಲ್ಲ ಮತ್ತ, ಮಣಿಕಟ್ಟು ನೋಯ್ತಾವ."

ಹೊತ್ತು ಸಿಕ್ಕಿತು, ಸಮಾಧಾನ ಸಿಗಲಿಲ್ಲ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬಂದಷ್ಟೂ ನನಗೆ ಅವರ ಮಣಿಕಟ್ಟೇ ಕಾಣುತ್ತಿತ್ತು. ಮೊದಲ ಸಂಜೆ ಒಂದು ಸಾಲೂ ಮೂಡಲಿಲ್ಲ. ಅವರು ಇಣುಕಿ ನೋಡಿದಾಗ ಸುಮ್ಮನೆ ಪೆನ್ನು ಆಡಿಸಿದೆ. ಮುಂದಿನ ಸಂಜೆಗಳಲ್ಲಿ ತಂಗಿ ತಡವರಿಸುತ್ತ ಬಾಯಿಬಿಟ್ಟಳು. ಕೊನೆಯ ದೃಶ್ಯವನ್ನು ಶಾಲೆಯ ಊಟದ ಬಿಡುವಿನಲ್ಲಿ ಗೀಚಿ ಮುಗಿಸಿ, ಗಡುವಿನ ದಿನಕ್ಕೆ ಮುಟ್ಟುತ್ತದೋ ಇಲ್ಲವೋ ಎಂಬ ಅಂಜಿಕೆಯಲ್ಲೇ ಅಂಚೆಗೆ ಹಾಕಿದೆ.

ಅದು ಮುಟ್ಟಿತು, ಪ್ರಸಾರವೂ ಆಯಿತು. ಆ ಹೊತ್ತಿಗೆ ನಾನು ಶಾಲೆಯಲ್ಲಿ ಮಕ್ಕಳಿಂದ ಮಗ್ಗಿ ಹೇಳಿಸುತ್ತಿದ್ದೆ. ಸಂಜೆ ಚಪ್ಪಲಿ ಬಿಡುವ ಮೊದಲೇ ಅತ್ತೆಯನ್ನು ಕೇಳಿದೆ, "ಹೆಂಗಿತ್ರಿ?"

"ಚಲೋ ಇತ್ತು," ಅಂದರು ಅವರು, ಮೊರದಲ್ಲಿನ ಜೋಳದಿಂದ ಕಣ್ಣು ಎತ್ತದೆ. "ಆದ್ರ ಕಡೀಕ ಭಾಳ ಅವಸರಾ ಮಾಡಿ ಮುಗಿಸೀದಿ."