ಮಾವನ ನಾಲ್ಕನೆಯ ಸೋಲು

ನನ್ನ ಸೋದರಮಾವ ಮೂವತ್ತಾರು ಪಂದ್ಯ ಗೆದ್ದ ಬಾಕ್ಸರ್. ಚಾಂಪಿಯನ್ ಬೆಲ್ಟು ಐದು ವರ್ಷ ಅವನ ಬಳಿಯೇ ಇತ್ತು. ಬೇರೆ ಯಾರಾದರೂ ಆಗಿದ್ದರೆ ಕೊಚ್ಚಿಕೊಂಡೇ ನಮ್ಮ ಕಿವಿ ತೂತು ಮಾಡಿರುತ್ತಿದ್ದರು. ಇವನ ಬಾಯಲ್ಲಿ ಬರುವುದು ಬರೀ ಸೋಲು.

ಈಗ ಅವನು ಈಜುಕೊಳದಲ್ಲಿ ಬಟ್ಟೆಯ ಕಪಾಟಿನ ಬೀಗದ ಕೈ ಕೊಡುವವ. ಮನೆಯೆಂದರೆ ಮೂರನೇ ಮಹಡಿಯ ಒಂದು ಕೋಣೆ, ಒಂದು ಕುರ್ಚಿ. ನಾನು ಹೋದರೆ ಕುರ್ಚಿ ನನಗೆ, ಮಂಚದ ತುದಿ ಅವನಿಗೆ. ಕೂತೊಡನೆ ಸೋಲಿನ ಕತೆ ಶುರು. ಮೊದಲ ಸೋಲು, ತೂಕ ಇಳಿಸಲು ಎರಡು ದಿನ ನೀರು ಬಿಟ್ಟು ರಿಂಗಿನಲ್ಲಿ ಕಾಲು ನಡುಗಿದ್ದು. ಎರಡನೆಯದು, ಹುಬ್ಬು ಒಡೆದು ಡಾಕ್ಟರು ಪಂದ್ಯ ನಿಲ್ಲಿಸಿದ್ದು. ಮೂರನೆಯದು ಅವನ ಪ್ರಕಾರ ಶುದ್ಧ ಮೋಸ. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ, ಟೀ ಆರಿಹೋಯಿತೆಂದು ಎದ್ದುಬಿಡುತ್ತಿದ್ದ. ಒಲೆಯ ಕಡೆ ಮುಖ ಮಾಡಿಕೊಂಡು, ಪ್ರತಿ ಸಲವೂ ಒಂದೇ ಪ್ರಶ್ನೆ.

"ಅಕ್ಕಂಗೆ ಇನ್ನೂ ಕೋಪಾನಾ?"

ಅಕ್ಕ ಎಂದರೆ ನನ್ನ ಅಮ್ಮ. ಇಬ್ಬರ ಮನೆಗೂ ನಡುವೆ ಬಸ್ಸಿನ ನಾಲ್ಕೇ ನಿಲ್ದಾಣ. ಹನ್ನೊಂದು ವರ್ಷ ಇವನು ಅತ್ತ ಹೋಗಲಿಲ್ಲ, ಅವಳು ಇತ್ತ ಬರಲಿಲ್ಲ. ನಡುವೆ ಓಡಾಡಿ ಚಪ್ಪಲಿ ಸವೆಸಿದವಳು ನಾನು.

ಅಮ್ಮ ಆಸ್ಪತ್ರೆಯಲ್ಲಿ ಗಾಯಗಳಿಗೆ ಪಟ್ಟಿ ಕಟ್ಟುವವಳು. ಮಾವನ ಮುಷ್ಟಿಗೂ ಅವಳದೇ ಕೈ. ಗ್ಲೌಸಿನೊಳಗೆ ಪಟ್ಟಿ ಸುತ್ತಿ ಟೇಪು ಹಾಕಬೇಕು. ಅದನ್ನು ಎದುರಾಳಿಯ ಕಡೆಯವನೊಬ್ಬ ನಿಂತು ನೋಡುತ್ತಾನೆ, ಒಳಗೆ ಗಟ್ಟಿ ವಸ್ತು ಸೇರಿಸಿಲ್ಲ ತಾನೇ ಎಂದು. ಮುಗಿದ ಮೇಲೆ ಟೇಪಿನ ಮೇಲೆ ಅಧಿಕಾರಿಯ ಸಹಿ. ಆಮೇಲೂ ಬಿಚ್ಚಿ ಕಟ್ಟಿಸಬಹುದು, ಆದರೆ ಎದುರಾಳಿಯ ಆ ಮನುಷ್ಯನ ಕಣ್ಣೆದುರಿಗೇ. ಅಮ್ಮ ಪ್ರತಿ ಸಲ ಕಟ್ಟಿ ಮುಗಿಸಿ, "ಬೆರಳು ಆಡಿಸು," ಎನ್ನುತ್ತಿದ್ದಳಂತೆ.

ನಾಲ್ಕನೆಯ ಪಂದ್ಯಕ್ಕೆ ಮೊದಲು ಮಾವನ ಎಡಗಣ್ಣು ಮಂಜಾಗತೊಡಗಿತ್ತು. ಈಗಲೇ ನಿಲ್ಲಿಸಿದರೆ ಸರಿಹೋದೀತು, ಇನ್ನು ಆಡಿದರೆ ಕಣ್ಣೇ ಹೋಗಬಹುದು ಎಂದಿದ್ದರು ಡಾಕ್ಟರು. ಅಮ್ಮ ಬೇಡವೆಂದಳು, ಅತ್ತಳು, ಕೊನೆಗೆ "ನಾನಂತೂ ಕಟ್ಟಲ್ಲ" ಎಂದಳು. "ಬಿಡು, ಕಟ್ಟೋರಿಗೇನು ಬರವಾ?" ಎಂದು ಇವನು ಬಾಗಿಲು ಹಾಕಿಕೊಂಡು ಹೋದ. ಪಂದ್ಯದ ದಿನ ತಡೆಯಲಾರದೆ ಅಮ್ಮ ಬಸ್ಸು ಹತ್ತಿದಳು. ಮುಟ್ಟುವ ಹೊತ್ತಿಗೆ ಬೇರೆ ಯಾರೋ ಕಟ್ಟಿ, ಸಹಿಯೂ ಬಿದ್ದಿತ್ತು. ತಮ್ಮನ ಎರಡೂ ಕೈ ಹಿಡಿದು ನೋಡಿ, "ಹುಷಾರು ಕಣೋ" ಎಂದಷ್ಟೇ ಹೇಳಿದಳು. ಮಾವ ಆರನೇ ಸುತ್ತಿನಲ್ಲಿ ಬಿದ್ದ. ಬೆಲ್ಟು ಹೋಯಿತು, ಬಾಕ್ಸಿಂಗೂ ಮುಗಿಯಿತು. ಆವತ್ತಿನಿಂದ ಅಕ್ಕ ತಮ್ಮ ಮುಖ ಊದಿಸಿಕೊಂಡಿದ್ದಾರೆ ಎಂದೇ ನಾವೆಲ್ಲ ತಿಳಿದಿದ್ದೆವು.

ಕಳೆದ ತಿಂಗಳು ಅಮ್ಮ ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಉಳುಕಿಸಿಕೊಂಡಳು. ಸುದ್ದಿ ಹೇಳಿದ ಮರುದಿನ ಮಧ್ಯಾಹ್ನ ಮಾವ ನಮ್ಮ ಬಾಗಿಲಲ್ಲಿ ನಿಂತಿದ್ದ. ಅಂಗಿಗೆ ಇಸ್ತ್ರಿ ಹಾಕಿಸಿದ್ದ, ಪುಣ್ಯಾತ್ಮ! ಅಮ್ಮ ಬಾ ಎನ್ನಲಿಲ್ಲ, ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದಳು. ಅವನು ಕೂತ. ಅವನ ಕಣ್ಣು ಅವಳ ಮುಖದ ಮೇಲೆ ನಿಲ್ಲಲಿಲ್ಲ, ಪಟ್ಟಿ ಸುತ್ತಿದ ಕೈಯ ಮೇಲೆ ನಿಂತಿತು.

"ಬಿಗಿಯಾಗಿದೆಯಲ್ಲ ಅಕ್ಕ. ಬೆರಳು ಬಿಳಿಚಿಕೊಂಡಿದೆ."

"ಇರ್ಲಿ ಬಿಡೋ, ನಮ್ಮ ಆಸ್ಪತ್ರೆ ಹೊಸ ಹುಡುಗಿ ಕಟ್ಟಿದ್ದು. ಪಾಪ, ಬೇಜಾರು ಮಾಡ್ಕೊತಾಳೆ ಅಂತ ಸುಮ್ಮನಾದೆ."

ಮಾವ ಪಟ್ಟಿ ಬಿಚ್ಚಿ ಮೊದಲಿನಿಂದ ಸುತ್ತತೊಡಗಿದ. ಅರ್ಧ ಸುತ್ತಿದ ಮೇಲೆ ತಲೆ ಎತ್ತದೆ ಹೇಳಿದ, "ಆವತ್ತು ನಂದೂ ಬಿಗಿಯಾಗಿತ್ತು. ಎರಡನೇ ರೌಂಡಿಗೇ ಬೆರಳು ಜೋಮು. ಕಟ್ಟಿದಾಗ್ಲೇ ಬಿಚ್ಚಿ ಕಟ್ಟಿ ಅನ್ಬಹುದಿತ್ತು. ಅವರ ಕಡೆ ಮನುಷ್ಯ ಎದುರಿಗೇ ನಿಂತಿದ್ನಲ್ಲ, ಹೆದರಿದಾನೆ ಅಂತ ಹೋಗಿ ಹೇಳ್ತಾನೆ ಅಂತ ಬಾಯಿ ಬಿಡ್ಲಿಲ್ಲ. ನೀನು ತಡವಾಗಿ ಬಂದಿದ್ದಕ್ಕೆ ಸೋತೆ ಅಂದ್ಕೊಂಡು ಕೊರಗ್ತಿದ್ದೀಯೇನೋ ಅಂತ... ಮುಖ ತೋರ್ಸಕ್ಕೆ ಆಗ್ಲಿಲ್ಲ."



"ನಂಗೆ ಗೊತ್ತಿತ್ತು," ಎಂದಳು ಅಮ್ಮ. "ಕೈ ಮುಟ್ಟಿದ ತಕ್ಷಣ ಗೊತ್ತಾಯ್ತು. ಕೆಲಸಾನೇ ಅದಲ್ವೇನೋ ನಂದು? ಬಿಚ್ಚು ಅನ್ನೋಕೆ ಬಾಯಿವರೆಗೂ ಬಂತು. ಸೋತ್ರೆ ಬಿಟ್ಟುಬಿಡ್ತಾನೆ, ಕಣ್ಣು ಉಳಿಯುತ್ತೆ ಅಂತ ನುಂಗ್ಕೊಂಡೆ. ಯಾವ ಮುಖ ಇಟ್ಕೊಂಡು ನಿನ್ನ ಮನೆಗೆ ಬರ್ಲಿ?"

ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಹನ್ನೊಂದು ವರ್ಷ! ಆ ಒಂದು ಕುರ್ಚಿಯ ಕೋಣೆ ನೆನಪಾಯಿತು. ಮಾವ ಪಟ್ಟಿಯ ತುದಿಗೆ ಪಿನ್ನು ಚುಚ್ಚಿ, "ಬೆರಳು ಆಡಿಸು," ಎಂದ. ಅಮ್ಮ ಆಡಿಸಿದಳು.

ಹೊರಡುವಾಗ ಅವಳು ತಡೆಯಲಿಲ್ಲ, ಅವನೂ ನಿಲ್ಲಲಿಲ್ಲ. ನಿಲ್ದಾಣದವರೆಗೆ ನಾನು ಜೊತೆಗೆ ಹೋದೆ. ಬಸ್ಸು ಬರುವುದು ಕಂಡಾಗ ಎಡಗಣ್ಣು ಒರೆಸಿಕೊಂಡು ಹೇಳಿದ, "ಆ ನಾಲ್ಕನೇದು ಇದೆಯಲ್ಲ, ಅದು ಅವನ ಕೈಲಿ ಸೋತಿದ್ದಲ್ಲ ಕಣೇ. ನಿಮ್ಮಮ್ಮನ ಕೈಲಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಬಸ್ಸಿನ ನಂಬರನ್ನು ದೂರದಿಂದಲೇ ಓದಿ ಹೇಳಿದ, ಬಲಗಣ್ಣು ಮುಚ್ಚಿಕೊಂಡು.